ನಲವತ್ತು ಅಡಿ ಹಗ್ಗ

ಮನೆಗಳನ್ನು ಕಾರ್ಖಾನೆಯಲ್ಲೇ ಪೆಟ್ಟಿಗೆಯಂತೆ ಕಟ್ಟಿ, ಲಾರಿಯಲ್ಲಿ ಸಾಗಿಸಿ, ಸೈಟಿನಲ್ಲಿ ಕೂರಿಸುವುದು ನನ್ನ ಕೆಲಸ. ಬೆಂಗಳೂರಿನ ಸುತ್ತ ಖಾಲಿ ಸೈಟು ಇಟ್ಟುಕೊಂಡವರಿಗೆ ಈಗ ಇದರ ಮೇಲೆ ಕಣ್ಣು. ಹುಲ್ಲು ಬೆಳೆಯುವ ಜಾಗದಲ್ಲಿ ಬಾಡಿಗೆ ಬೆಳೆಯಲಿ ಎಂಬ ಆಸೆ.

2025ರ ಆರಂಭದಲ್ಲಿ ಹೊಸಕೋಟೆ ಕಡೆ ನಿವೃತ್ತ ಮೇಷ್ಟ್ರೊಬ್ಬರ 30×40 ಸೈಟಿನ ಕೆಲಸ ಬಂತು. 40 ಅಡಿಯ ಒಂದೇ ಪೆಟ್ಟಿಗೆ ಕೂರಿಸಿದರೆ ಸುತ್ತ ಬಿಡಬೇಕಾದ ಜಾಗವೇ ಉಳಿಯದು. ಹಾಗಾಗಿ 20 ಅಡಿ ಉದ್ದ, 8 ಅಡಿ ಅಗಲದ ಎರಡನ್ನು ಪಕ್ಕಪಕ್ಕ ಜೋಡಿಸಿ 320 ಚದರಡಿಯ ಮನೆ ಮಾಡುವುದೆಂದಾಯಿತು. ಸಾಗಣೆಯ ಒಂದು ಬಾಡಿಗೆ ಉಳಿಯಲೆಂದು ಎರಡನ್ನೂ ಒಂದೇ ಟ್ರೈಲರ್ ಮೇಲೆ ಹೇರಿಸಿದೆ. ಆ ಜಾಣತನ ನನ್ನದೇ.

ಬಡಾವಣೆಯ ಎರಡನೇ ತಿರುವಿನಲ್ಲಿ ಟ್ರೈಲರ್ ನಿಂತಿತು. ಒಂದು ಕಡೆ ಮೋರಿಯ ಚಪ್ಪಡಿ, ಇನ್ನೊಂದು ಕಡೆ ರಸ್ತೆಗೇ ಚಾಚಿಕೊಂಡ ಯಾರದೋ ಮೆಟ್ಟಿಲು. ಹಿಂದಿನ ಚಕ್ರ ಏರಿದ್ದೇ ತಡ, ಚಪ್ಪಡಿ ಹಪ್ಪಳದಂತೆ ಮುರಿಯಿತು. ಮೆಟ್ಟಿಲಿನ ಯಜಮಾನಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದು ಎದುರು ನಿಂತರು. ಅತ್ತ ಸೈಟಿನಲ್ಲಿ ಕ್ರೇನ್ ಗಂಟೆ ಲೆಕ್ಕದಲ್ಲಿ ಕಾಯುತ್ತಿತ್ತು. ಕೊನೆಗೆ ಅದನ್ನೇ ಮುಖ್ಯರಸ್ತೆಗೆ ಕರೆಸಿ, ಪೆಟ್ಟಿಗೆಗಳನ್ನು ಇಳಿಸಿ, ಚಿಕ್ಕ ಲಾರಿಯಲ್ಲಿ ಒಂದೊಂದಾಗಿ ಒಯ್ದೆವು. ಉಳಿಸಿದ್ದರ ನಾಲ್ಕು ಪಟ್ಟು ಹೋಯಿತು. ಚಪ್ಪಡಿಯ ದುಡ್ಡು ಬೇರೆ.

ಅಂದು ಸಂಜೆಗೆ ಮನೆಯೇನೋ ನಿಂತಿತು, ಬಾಡಿಗೆ ಬರಲಿಲ್ಲ. “ಎತ್ತಿಕೊಂಡು ಹೋಗುವ ಮನೆಗೆ ನಕ್ಷೆ ಮಂಜೂರಾತಿ ಯಾಕಪ್ಪಾ?” ಎಂದು ಮೇಷ್ಟ್ರು ಮೊದಲೇ ಕೇಳಿದ್ದರು. ನಾನು ನಕ್ಕು ಸುಮ್ಮನಾಗಿದ್ದೆ. ಮನೆ ಮಂಜೂರಾದ ನಕ್ಷೆಯಂತೆ ಕಟ್ಟಿದೆ, ವಾಸಿಸಬಹುದು ಎಂದು ಕೊಡುವ ಸ್ವಾಧೀನಾನುಭವ ಪ್ರಮಾಣಪತ್ರ (ಓಸಿ) ನೋಡಿಯೇ ವಿದ್ಯುತ್, ನೀರು ಕೊಡಬೇಕೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಷ್ಟೇ ಹೇಳಿತ್ತು. ನಕ್ಷೆಯಿಲ್ಲದೆ ಆ ಪತ್ರವಿಲ್ಲ, ಪತ್ರವಿಲ್ಲದೆ ಕರೆಂಟಿಲ್ಲ. ಮೇಷ್ಟ್ರು ಬಾಡಿಗೆದಾರರಿಗೆ ಕಾದರು, ತಗಡಿನ ಮನೆ ಬಿಸಿಲಿಗೆ ಕಾಯಿತು. ಐದು ತಿಂಗಳು.

ಈಗ ದರಪಟ್ಟಿ ಕೊಡುವ ಮೊದಲು ಟ್ರೈಲರ್‌ನಷ್ಟು ಉದ್ದದ 40 ಅಡಿ ಹಗ್ಗ ಒಯ್ಯುತ್ತೇನೆ. ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಚಾಲಕನ ಕೈಯಲ್ಲಿ. ಬಿಗಿಯಾಗಿ ಹಿಡಿದು ಪ್ರತಿ ತಿರುವಿನಲ್ಲೂ ನಡೆಯುತ್ತೇವೆ. ಮಕ್ಕಳು ಹಿಂದೆ ಬೀಳುತ್ತಾರೆ. ತಲೆಯ ಮೇಲಿನ ತಂತಿಗಳನ್ನೂ ನೋಡುತ್ತೇನೆ, ಎಂಟೂವರೆ ಅಡಿ ಎತ್ತರದ ಪೆಟ್ಟಿಗೆ ಟ್ರೈಲರ್ ಮೇಲೆ ಕೂತಾಗ 13 ಅಡಿ ದಾಟುತ್ತದೆ. ಆಮೇಲೆ ಖಾತೆ, ಭೂ ಪರಿವರ್ತನೆಯ ಆದೇಶ, ಮಂಜೂರಾದ ನಕ್ಷೆ ಕೇಳುತ್ತೇನೆ. ಗೋಡೆಯ ಬಣ್ಣದ ಮಾತು ಎಲ್ಲದರ ಕೊನೆಗೆ.

ಕಳೆದ ತಿಂಗಳು ಆನೇಕಲ್ ಬಳಿ ಹಗ್ಗ ತಿರುವಿನ ಹುಣಸೆಮರಕ್ಕೆ ಸುತ್ತಿಕೊಂಡಿತು. “ಇಟ್ಟಿಗೆಯಲ್ಲೇ ಕಟ್ಟಿಸಿ, ಸರ್” ಎಂದು ಹೇಳಿ ಬಂದೆ. ನಮ್ಮ ಮಾಲೀಕರು ಎರಡು ದಿನ ನನ್ನೊಂದಿಗೆ ಮಾತನಾಡಲಿಲ್ಲ.