ನಮ್ಮೂರ ಆಟಗಾರರು ಬರೆಸಿದ ಕಾಯಿದೆ

ಪಿಟ್ಸ್‌ಬರ್ಗಿನಲ್ಲಿ ಭಾನುವಾರ ಬೆಳಿಗ್ಗೆ ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋದರೆ ಸಾಮಾನ್ಯವಾಗಿ ಮಧ್ಯಾಹ್ನ ಒಂದು ಗಂಟೆಯೊಳಗೆ ಮನೆ ಸೇರಿಬಿಡಬೇಕು. ಒಂದಕ್ಕೆ ಈ ಊರಿನ ಅಮೆರಿಕನ್ ಫುಟ್‌ಬಾಲ್ ತಂಡ ಸ್ಟೀಲರ್ಸ್‌ನ ಆಟ ಶುರು. ಆಮೇಲೆ ಬೀದಿಯಲ್ಲಿ ನರಪಿಳ್ಳೆ ಇರುವುದಿಲ್ಲ.

ಬಂದ ಹೊಸತರಲ್ಲಿ ಈ ಆಟದ ತಲೆಬುಡ ನನಗೆ ತಿಳಿಯುತ್ತಿರಲಿಲ್ಲ. ಹೆಸರು ಫುಟ್‌ಬಾಲ್, ಕಾಲು ತಾಗುವುದು ಅಪರೂಪ. ಪಕ್ಕದ ಮನೆಯ ಯಜಮಾನರಿಗೆ ಎಪ್ಪತ್ತು ದಾಟಿದೆ. ಅವರೇ ನನ್ನ ಗುರು. ಒಮ್ಮೆ ರೆಫ್ರಿ ಹಳದಿ ಬಟ್ಟೆ ಎಸೆದು ತಪ್ಪು ಎಂದಾಗ, ಯಾಕೆ ಅಂತ ಕೇಳಿದೆ. "ಎಲ್ಲಾ ಮೆಲ್‌ನಿಂದ" ಅಂದರು. ಮೆಲ್ ಅಂದರೆ ಅವರ ತಮ್ಮನೇನೋ ಅಂದುಕೊಂಡೆ!

ಮೆಲ್ ಬ್ಲೌಂಟ್ 1970ರಲ್ಲಿ ಸ್ಟೀಲರ್ಸ್ ಸೇರಿದವನು. ಆರಡಿ ಮೂರಂಗುಲದ ಆಳು. ಚೆಂಡು ಹಿಡಿಯಲು ಓಡುವ ಎದುರಾಳಿಯನ್ನು ಕಾಯುವುದು ಅವನ ಕೆಲಸ. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ಗೂ ಹಿಡಿಯುವವನಿಗೂ ನಡುವೆ ಹೆಜ್ಜೆಹೆಜ್ಜೆಯ ಲೆಕ್ಕ ಇರುತ್ತದೆ: ಇಷ್ಟು ಓಡಿ ಇಲ್ಲಿ ತಿರುಗಿದರೆ ಚೆಂಡು ಅಲ್ಲಿಗೇ ಬರುತ್ತದೆ ಅಂತ. ಮೈದಾನದಲ್ಲಿ ಎಷ್ಟೇ ದೂರ ಹೋಗಿದ್ದರೂ, ಚೆಂಡು ಗಾಳಿಗೆ ಬೀಳುವ ಮುಂಚೆ ಆ ಓಟಗಾರನ ಮೇಲೆ ಕೈ ಹಾಕಲು ಆಗ ಅವಕಾಶವಿತ್ತು. ಬ್ಲೌಂಟ್ ಒಂದು ಸಲ ಕೈ ಹಾಕಿದನೆಂದರೆ ಲೆಕ್ಕವೆಲ್ಲ ಅಲ್ಲಿಗೇ ಕೈಬಿಟ್ಟಂತೆ. 1975ರ ಋತುವೊಂದರಲ್ಲೇ ಎದುರಾಳಿಗಳ 11 ಎಸೆತಗಳನ್ನು ಕಸಿದ.

1978ರಲ್ಲಿ ಹೊಸ ನಿಯಮ ಬಂತು: ಆಟ ಶುರುವಾಗುವ ಗೆರೆಯಿಂದ ಐದು ಗಜ ದಾಟಿದ ಓಟಗಾರನನ್ನು ಮುಟ್ಟುವಂತಿಲ್ಲ. ಜನ ಅದಕ್ಕೆ ಇಟ್ಟ ಹೆಸರೇ 'ಮೆಲ್ ಬ್ಲೌಂಟ್ ರೂಲ್'. ತಮಾಷೆ ಏನೆಂದರೆ, ಇದರಿಂದ ಸ್ಟೀಲರ್ಸ್ ಕೆಡಲೇ ಇಲ್ಲ. ಅವರಲ್ಲೂ ಚೆಂಡು ಎಸೆಯಲು ಟೆರ್ರಿ ಬ್ರಾಡ್‌ಶಾ, ಹಿಡಿಯಲು ಲಿನ್ ಸ್ವಾನ್, ಜಾನ್ ಸ್ಟಾಲ್ವರ್ತ್ ಇದ್ದರಲ್ಲ! ದಾರಿ ಎಲ್ಲರಿಗೂ ತೆರೆಯಿತು. 1978, 1979 ಎರಡೂ ಋತುಗಳ ಅಂತಿಮ ಕಿರೀಟ, ಅಂದರೆ ಸೂಪರ್ ಬೌಲ್, ಇದೇ ಊರಿಗೆ ಬಂತು. ಬ್ಲೌಂಟ್ ಕೂಡ 1983ರವರೆಗೆ ಆಡಿದ. ಇಂದು ಟಿವಿಯಲ್ಲಿ ಚೆಂಡು ಆಕಾಶದಲ್ಲಿ ಹಾರಾಡುವ ಆಟ ನೋಡುತ್ತೇವಲ್ಲ, ಅದರ ಬೇರಿನಲ್ಲಿ ಇವನೊಬ್ಬನ ಕೈಬಲವಿದೆ.

ಹೆಸರು ಅಂಟಿಕೊಳ್ಳುವ ರೀತಿ ಮಾತ್ರ ವಿಚಿತ್ರ. 2006ರ ಜನವರಿಯಲ್ಲಿ ಸಿನ್ಸಿನಾಟಿಯಲ್ಲಿ ಪ್ಲೇಆಫ್, ಅಂದರೆ ನಾಕೌಟ್ ಹಂತದ ಪಂದ್ಯ. ಆ ಊರಿನ ಕ್ವಾರ್ಟರ್‌ಬ್ಯಾಕ್ ಕಾರ್ಸನ್ ಪಾಮರ್ ಮೊದಲ ಎಸೆತದಲ್ಲೇ 66 ಗಜ ದಾಟಿಸಿದ. ಚೆಂಡು ಅತ್ತ ಹೋಯಿತು, ಇತ್ತ ಸ್ಟೀಲರ್ಸ್‌ನ ಕೀಮೋ ವಾನ್ ಓಲ್‌ಹಾಫನ್ ಅವನ ಮಂಡಿಗೆ ಬಂದು ಬಿದ್ದ. ಮಂಡಿಯ ಲಿಗಮೆಂಟ್ ಹರಿದುಹೋಯಿತು. ಕ್ವಾರ್ಟರ್‌ಬ್ಯಾಕ್‌ನ ಮಂಡಿಗಾಗಲಿ ಅದರ ಕೆಳಗಾಗಲಿ ಬಂದು ಬೀಳದಂತೆ ಎಚ್ಚರ ವಹಿಸಬೇಕೆಂಬ ನಿಯಮ ಅದೇ ವರ್ಷ ಬಂತು. ಇದಕ್ಕೆ ಹೆಚ್ಚಾಗಿ ಅಂಟಿದ್ದು ಪೆಟ್ಟು ತಿಂದ ಪಾಮರ್‌ನ ಹೆಸರು. 2008ರಲ್ಲಿ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿಯ ಮಂಡಿ ಋತುವಿನ ಮೊದಲ ಪಂದ್ಯದಲ್ಲೇ ಹೋದಾಗ ನಿಯಮ ಇನ್ನೂ ಬಿಗಿಯಾಯಿತು, ಅದು 'ಬ್ರೇಡಿ ರೂಲ್'. ದುಬಾರಿ ಆಟಗಾರನ ಮಂಡಿ ಮುರಿದರೆ ಕಾಯಿದೆಗೆ ಬೇಗ ಎಚ್ಚರವಾಗುತ್ತದೆ ಅಂತ ನನ್ನ ಅನುಮಾನ. ಉಳಿದವರ ಮಂಡಿಯೂ ಮಂಡಿಯೇ ತಾನೆ?

ಅದೇ 2008ರ ಅಕ್ಟೋಬರ್‌ನಲ್ಲಿ, ಮತ್ತೆ ಸಿನ್ಸಿನಾಟಿಯಲ್ಲೇ, ನಮ್ಮ ಹೈನ್ಸ್ ವಾರ್ಡ್ ಗುದ್ದಿದ ರಭಸಕ್ಕೆ ಎದುರಾಳಿ ಕೀತ್ ರಿವರ್ಸ್‌ನ ದವಡೆ ಮುರಿಯಿತು. ಕಾಣದ ಕಡೆಯಿಂದ ಬಿದ್ದ ಗುದ್ದು, ಆದರೂ ಆ ದಿನ ಅದು ತಪ್ಪಲ್ಲ. ಮುಂದಿನ ವರ್ಷದಿಂದ ತಪ್ಪು. ಈ ಊರಲ್ಲಿ ವಾರ್ಡ್ ಅಂದರೆ ಸದಾ ನಗುಮುಖದ ಮುದ್ದಿನ ಮಗ. ಸಿನ್ಸಿನಾಟಿಯ ನನ್ನ ಸಹೋದ್ಯೋಗಿಯ ಮುಂದೆ ಮಾತ್ರ ಆ ಹೆಸರೆತ್ತಬಾರದು.

ಕ್ರಿಕೆಟ್ ನೋಡಿ ಬೆಳೆದ ನಮ್ಮ ಕಡೆಯವರಿಗೆ ಇದೆಲ್ಲ ಹೊಸದೇನಲ್ಲ. 1981ರಲ್ಲಿ ಆಸ್ಟ್ರೇಲಿಯಾದ ಬೌಲರ್ ಟ್ರೆವರ್ ಚಾಪೆಲ್, ಎದುರಾಳಿ ಸಿಕ್ಸರ್ ಹೊಡೆಯದಂತೆ ಚೆಂಡನ್ನು ನೆಲದ ಮೇಲೆ ಉರುಳಿಸಿದ ಮೇಲೆ ಕ್ರಿಕೆಟ್ಟಿನವರೂ ನಿಯಮ ತಿದ್ದಿದರು. ಅಣ್ಣ ಗ್ರೆಗ್ ಹೇಳಿ ಮಾಡಿಸಿದ್ದು, ಕೆಟ್ಟ ಹೆಸರು ತಮ್ಮನಿಗೂ ಬಂತು.

ಈ ಊರಲ್ಲಿ ಹಳದಿ ಬಟ್ಟೆ ಎರಡು ಬಗೆ. ಅಭಿಮಾನಿಗಳು ಬೀಸುವ ಟವೆಲ್ ಒಂದು, ರೆಫ್ರಿ ಎಸೆಯುವುದು ಇನ್ನೊಂದು. ಕಳೆದ ಸಲ ಆಟ ನೋಡುವಾಗ ಸ್ಟೀಲರ್ಸ್ ಮೇಲೆ ಆ ಎರಡನೆಯದು ಬಿತ್ತು: ಐದು ಗಜದಾಚೆ ಮುಟ್ಟಿದ ತಪ್ಪು. ಯಜಮಾನರು ರೆಫ್ರಿಗೆ ಬೈದದ್ದೇ ಬೈದದ್ದು. "ನಿಮ್ಮ ಮೆಲ್ ಮಾಡಿಸಿದ ನಿಯಮ ತಾನೆ ಸಾರ್?" ಅಂದೆ. ಅವರು ನಗಲಿಲ್ಲ. ನನ್ನ ತಟ್ಟೆಯಿಂದ ಇನ್ನೊಂದು ಕೋಡುಬಳೆ ತೆಗೆದುಕೊಂಡು, ಟಿವಿಯ ಸದ್ದು ಜೋರು ಮಾಡಿದರು.