ಹಳೇ ಪದ್ಮಿನಿಗೆ ಯಾವ ಪೆಟ್ರೋಲ್?

ಕುಮಟಾದಲ್ಲಿ ಉಪನಯನದ ಊಟ ಮುಗಿಸಿ ಶಿರಸಿಗೆ ಹೊರಟಿದ್ದೆವು. ದೇವಿಮನೆ ಘಟ್ಟದ ಏರು ಶುರುವಾಗಿದ್ದೇ ತಡ, ಅಪ್ಪನ ಕಾಲದ ಪ್ರೀಮಿಯರ್ ಪದ್ಮಿನಿಯ ಎಂಜಿನ್ನಿನಿಂದ ಡಬ್ಬಿಯಲ್ಲಿ ಮೊಳೆ ಅಲ್ಲಾಡಿಸಿದಂಥ ಸದ್ದು. ಆಕ್ಸಿಲರೇಟರ್ ಒತ್ತಿದರೆ ಜಾಸ್ತಿ, ಕಾಲು ತೆಗೆದರೆ ಮಾಯ. "ತುಟ್ಟಿ ಪೆಟ್ರೋಲ್ ಹಾಕ್ಸೋ ತಮಾ, ಸರಿ ಆಗ್ತು" ಅಂದರು ಹಿಂದೆ ಕೂತಿದ್ದ ಮಾವ.

ಮರುದಿನ ಶಿರಸಿಯ ಗ್ಯಾರೇಜಿನಲ್ಲಿ ಮೇಸ್ತ್ರಿ ಬಾನೆಟ್ ಎತ್ತಿದವರೇ ಡೆಲ್ಕೊಗೆ, ಅಂದರೆ ಸಿಲಿಂಡರುಗಳಿಗೆ ಹೊತ್ತಿಗೆ ಸರಿಯಾಗಿ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿಗೆ, ಕೈ ಹಾಕಿದರು. "ಪೆಟ್ರೋಲಿನ ತಪ್ಪಲ್ಲ ತಮ್ಮಾ, ಕಿಡಿ ಬೇಗ ಬೀಳ್ತಾ ಇದೆ."

ಮಾವ ಹೇಳಿದ ತುಟ್ಟಿ ಪೆಟ್ರೋಲ್ ಅಂದರೆ ಆಕ್ಟೇನ್ ಜಾಸ್ತಿ ಇರುವಂಥದ್ದು. ಆಕ್ಟೇನ್ ಅಂದರೆ ಪೆಟ್ರೋಲಿನ ಶಕ್ತಿ ಅಂತ ತುಂಬ ಜನ ನಂಬಿದ್ದಾರೆ. ಅದು ಶಕ್ತಿಯಲ್ಲ, ತಾಳ್ಮೆ. ಸಿಲಿಂಡರಿನೊಳಗೆ ಒತ್ತಡ, ಬಿಸಿ ಏರಿದಾಗ ಕಿಡಿಯ ಉರಿ ತಲುಪುವ ಮೊದಲೇ ತಾನಾಗಿ ಸಿಡಿಯದೆ ಎಷ್ಟು ತಡೆದುಕೊಳ್ಳುತ್ತದೆ ಅನ್ನುವ ಅಳತೆ. ಹಾಗೆ ಸಿಡಿದಾಗ ಬರುವುದೇ ಆ ನಾಕಿಂಗ್ ಸದ್ದು. ಸಿಲಿಂಡರಿನಲ್ಲಿ ಪೆಟ್ರೋಲ್-ಗಾಳಿಯನ್ನು ಎಷ್ಟು ಪಟ್ಟು ಅದುಮುತ್ತದೆ ಅನ್ನುವುದೇ ಕಂಪ್ರೆಶನ್; ಅದು ಜಾಸ್ತಿಯಾದಷ್ಟೂ ಜಾಸ್ತಿ ಆಕ್ಟೇನ್ ಬೇಕು. ಈಗಿನ ಎಷ್ಟೋ ಕಾರುಗಳಲ್ಲಿ ಅದು 10:1 ದಾಟಿರುತ್ತದೆ. 1089 ಸಿಸಿಯ ಪದ್ಮಿನಿಯದು 8ರ ಆಸುಪಾಸು. ಅದಕ್ಕೆ ಬಂಕಿನ ಮಾಮೂಲಿ ಪೆಟ್ರೋಲ್ ಧಾರಾಳ ಸಾಕು. ಅಮೆರಿಕದವರು ಆಕ್ಟೇನ್ 87 ಅಂತ ಬರೆದದ್ದು ನೋಡಿ ಗಲಿಬಿಲಿ ಬೇಡ. ಅವರ ಲೆಕ್ಕವೇ ಬೇರೆ, ಅದು ನಮ್ಮ ಲೆಕ್ಕದ 91ಕ್ಕೆ ಹೆಚ್ಚುಕಡಿಮೆ ಸಮ.

ಮೇಸ್ತ್ರಿ ಕ್ಲಾಂಪಿನ ಬೋಲ್ಟ್ ಸಡಿಲಿಸಿ ಡೆಲ್ಕೊವನ್ನು ಒಂದು ಕೂದಲೆಳೆಯಷ್ಟು ತಿರುಗಿಸಿದರು. ಊರಾಚೆಯ ಏರಿನಲ್ಲಿ ಓಡಿಸಿ ನೋಡಿದೆವು. ಮತ್ತೆ ನಿಲ್ಲಿಸಿ ಇನ್ನೊಂಚೂರು ತಿರುಗಿಸಿದರು. ಸದ್ದು ನಿಂತಿತು, ಎಳೆತವೂ ಕಮ್ಮಿಯಾಗಲಿಲ್ಲ. ಕೈಯಲ್ಲೇ ಕಿವಿ ಇರುವ ಇಂಥ ಮೇಸ್ತ್ರಿಗಳು ಈಗ ಎಷ್ಟು ಜನ ಸಿಗುತ್ತಾರೆ ಹೇಳಿ!

ಅವರಿಗೆ ಚಿಂತೆ ಇದ್ದದ್ದು ಬೇರೆ ಕಡೆ. ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ಎಳೆಯುವ ಪಂಪಿನ ಹತ್ತಿರದ ರಬ್ಬರ್ ಪೈಪನ್ನು ಚಿವುಟಿ ತೋರಿಸಿದರು. ಉಬ್ಬಿ ಮೆತ್ತಗಾಗಿತ್ತು, ಬೆರಳಿಗೆ ಕರಿ ಅಂಟಿತು. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ನೂರಕ್ಕೆ 20 ಪಾಲಿನವರೆಗೆ ಇದೆ. ಎಥೆನಾಲಿನ ಆಕ್ಟೇನ್ 100ಕ್ಕಿಂತ ಜಾಸ್ತಿ, ಹಾಗಾಗಿ ನಾಕಿಂಗ್ ಭಯವಿಲ್ಲ. ಆದರೆ ಹಳೇ ರಬ್ಬರಿಗೆ ಅದು ಆಗಿಬರುವುದಿಲ್ಲ. ನೀರಿನ ಪಸೆಯನ್ನೂ ಹೀರುತ್ತದೆ. ನಮ್ಮ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತ ಕಾರಿಗೆ ಇದು ದೊಡ್ಡ ಪೆಟ್ಟು, ಅಲ್ವಾ?

ಎಥೆನಾಲ್ ತಡೆಯುವ ಹೊಸ ಪೈಪು, ಪಂಪಿಗೆ ಹೊಸ ಡಯಾಫ್ರಾಮ್ (ಒಳಗಿನ ತೆಳು ಪರದೆ) ಹಾಕಿಸಿದೆ. ತುಟ್ಟಿ ಪೆಟ್ರೋಲಿಗೆ ಸುಮ್ನೆ ಹೋಗಬಹುದಾಗಿದ್ದ ದುಡ್ಡು ಅಲ್ಲಿಗೆ ಸಂದಿತು. "ಮಳೆ ಇದ್ರೂ ವಾರಕ್ಕೊಂದ್ಸಲ ಓಡ್ಸು, ಟ್ಯಾಂಕಲ್ಲಿ ಪೆಟ್ರೋಲ್ ಹಳೇದಾಗೋಕೆ ಬಿಡ್ಬೇಡ" ಅಂದರು ಮೇಸ್ತ್ರಿ. ಬರುವ ಭಾನುವಾರ ಬನವಾಸಿ ಕಡೆ ಒಂದು ಸುತ್ತು ಹೋಗಿ ಬರಬೇಕು ಅಂತಿದ್ದೇನೆ.