ಕೊನೇ ಸಲ ಯಾವಾಗ?

"ಕೊನೇ ಸಲ ಕಕ್ಕ ಮಾಡಿದ್ದು ಯಾವಾಗ?" ಅಂತ ಡಾಕ್ಟ್ರು ಕೇಳಿದ್ರು. ನಾನು ಅಪ್ಪನ ಮುಖ ನೋಡ್ದೆ, ಅಪ್ಪ ನನ್ ಮುಖ ನೋಡಿದ್ರು. ಕುವೆಂಪುನಗರದ ನಮ್ಮನೇಗೆ ನಮ್ ನಾಯಿ ಕರಿಯ ಬಂದು 5 ವರ್ಷ ಆಯ್ತು, ದಿನಾ ಎರಡು ಹೊತ್ತು ವಾಕಿಂಗ್ ಕರ್ಕೊಂಡ್ ಹೋಗ್ತೀವಿ, ಆದ್ರೆ ಒಂದ್ ಕೈಲಿ ಬೆಲ್ಟು ಇನ್ನೊಂದ್ ಕೈಲಿ ಮೊಬೈಲು, ಅವನು ಏನ್ ಮಾಡ್ದ ಅಂತ ಯಾರ್ ನೋಡಿದ್ವಿ?

ಭಾನುವಾರ ರಸಪುರಿ ಸೀಕರಣೆ ಮಾಡಿದ್ವಿ. ಚೀಪ್ಲಿ ಅಂತ ಅಪ್ಪ ಅವನಿಗೆ ಒಂದ್ ಮಾವಿನ ಓಟೆ ಹಾಕಿದ್ರು, ಪ್ರತಿ ವರ್ಷ ಹಾಕ್ತಾರೆ. ಆ ಓಟೆ ಆಮೇಲೆ ಎಲ್ ಹೋಯ್ತು ಅಂತಾನೂ ಯಾರೂ ನೋಡ್ಲಿಲ್ಲ. ಸೋಮವಾರದಿಂದ ವಾಂತಿ, ಮೊದಲು ಅನ್ನ, ಆಮೇಲೆ ಬರೀ ಹಳದಿ ನೀರು. ಮೊದಲು ಹೋದ ಕಡೆ ಹೊಟ್ಟೆ ಮುಟ್ಟಿ ಕೂಡ ನೋಡ್ದೆ ವಾಂತಿ ನಿಲ್ಲೋಕೆ ಇಂಜೆಕ್ಷನ್ ಕೊಟ್ಟು ಕಳ್ಸಿದ್ರು. ಅವ್ರ ಮೇಲೆ ಇನ್ನೂ ಸಿಟ್ಟಿದೆ ನಂಗೆ, ಯಾಕಂದ್ರೆ ವಾಂತಿ ನಿಂತು ನಾವೂ ಒಂದಿನ ಸುಮ್ನಾಗ್ಬಿಟ್ವಿ.

ಬುಧವಾರ ಈ ಡಾಕ್ಟ್ರು ಹೊಟ್ಟೆ ಒತ್ತಿದ ತಕ್ಷಣ ಕರಿಯ ಬೆನ್ನು ಬಾಗಿಸಿ ಗುರ್ ಅಂದ. ಓಟೆ ಎಕ್ಸ್‌ರೇಲಿ ಮೂಳೆ ಥರ ಎದ್ದು ಕಾಣಲ್ವಂತೆ, ಗ್ಯಾಸ್ ತುಂಬಿ ಉಬ್ಬಿದ ಕರುಳಷ್ಟೇ ಕಂಡಿದ್ದು, ಓಟೆ ಕರುಳಲ್ಲಿ ಸಿಕ್ಕಾಕೊಂಡಿದೆ ಅಂತ ಸ್ಕ್ಯಾನಿಂಗಲ್ಲಿ ಖಚಿತ ಆಯ್ತು. ಮೊದಲು ಡ್ರಿಪ್ ಹಾಕಿ, ವಾಂತಿಯಿಂದ ಇಳಿದಿದ್ದ ಪೊಟ್ಯಾಸಿಯಂ ಸರಿ ಮಾಡಿ ಆಮೇಲೆ ಆಪರೇಷನ್. ಓಟೆ ಸಿಕ್ಕಿದ್ ಜಾಗ ಊದಿ ಕೆಂಪಾಗಿತ್ತು, ಅದಕ್ಕೆ ಅಲ್ಲಿ ಕೊಯ್ಯದೆ ಅದರ ಮುಂದೆ ಚೆನ್ನಾಗಿರೋ ಕರುಳಲ್ಲಿ ಕೊಯ್ದು ಈಚೆ ತೆಗೆದ್ರು, ಹೊಲಿದು ಸಲೈನ್ ತುಂಬಿ ಸೋರ್ತಿದ್ಯಾ ನೋಡಿದ್ರು. ಇನ್ನೂ ತಡ ಮಾಡಿದ್ರೆ ಕರುಳು ಸತ್ತು, ಅಷ್ಟುದ್ದ ಕತ್ತರಿಸಿ ಎರಡು ಕಡೆ ಸೇರಿಸಿ ಹೊಲಿಬೇಕಾಗ್ತಿತ್ತಂತೆ.

ಟ್ರೇಲಿ ಓಟೆ ತೋರ್ಸಿದಾಗ ಅಪ್ಪ ಮಾತೇ ಆಡ್ಲಿಲ್ಲ. ಕಾರಲ್ಲಿ ಮಾತ್ರ, "ನಂದೇ ತಪ್ಪು ಕಣೋ" ಅಂದ್ರು. ಓಟೆ ಹಾಕಿದ್ದು ಅವ್ರೇ ಇರ್ಬೋದು, ಆದ್ರೆ ಆ ಪ್ರಶ್ನೆಗೆ ಉತ್ತರ ಇಲ್ದೆ ನಿಂತಿದ್ದು ಇಬ್ರೂ.

ಕೊನೇ ಸಲ ಯಾವಾಗ? ರಾತ್ರಿ ಮಲಗಿದ್ರೂ ಅದೇ ಕೇಳ್ಸುತ್ತೆ. ಅಜ್ಜಿನ ಆಸ್ಪತ್ರೆಗೆ ಸೇರಿಸಿದಾಗಲೂ ಹಿಂಗೇ, ಕೊನೇ ಸಲ ಹೊಟ್ಟೆ ತುಂಬ ಊಟ ಮಾಡಿದ್ದು ಯಾವಾಗ ಅಂತ ಕೇಳಿದ್ರು, ಮನೆ ತುಂಬ ಜನ ಇದ್ವಿ, ಒಬ್ರಿಗೂ ಗೊತ್ತಿರ್ಲಿಲ್ಲ. ಅಮ್ಮ ಬಿಪಿ ಚೆಕ್ ಮಾಡ್ಸಿದ್ದು ಯಾವಾಗ? ಇದನ್ನ ಬರೀತಾ ಎದ್ದು ಹೋಗಿ ಕೇಳ್ಕೊಂಡ್ ಬಂದೆ, ದೀಪಾವಳಿ ಮುಂಚೆ ಅಂತೆ.

ಮೂರರಿಂದ ಐದನೇ ದಿನ ಹೊಲಿಗೆ ಬಿಟ್ಕೊಳ್ಳೋ ಭಯ ಜಾಸ್ತಿ ಅಂದಿದ್ರು. ಇವತ್ತು ನಾಲ್ಕನೇ ದಿನ. ಬೆಳಗ್ಗೆ ಅಪ್ಪ ಮೊಬೈಲ್ ಮನೇಲೇ ಇಟ್ಟು ಕರಿಯನ್ನ ನಿಧಾನಕ್ಕೆ ಕರ್ಕೊಂಡ್ ಹೋದ್ರು, ವಾಪಸ್ ಬರ್ತಾ ಗೇಟ್ ಹತ್ರದಿಂದಾನೇ ಬೀದಿಗೆಲ್ಲ ಕೇಳೋ ಹಾಗೆ ಕೂಗಿದ್ರು, "ಮಾಡ್ದ ಕಣೋ! ಆರೂ ಇಪ್ಪತ್ತಕ್ಕೆ!"